‘ಅರೆ’ ಎಂಬ ಎರಡಕ್ಷರ

ನೀಟ್ ಫಲಿತಾಂಶ ಬಂದ ವಾರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಓಡಾಡುತ್ತದೆ: “ಮೆಡಿಕಲ್ ಅಂತೂ ಆಗ್ಲಿಲ್ಲ, ಪ್ಯಾರಾಮೆಡಿಕಲ್ ಆದ್ರೂ ಸೇರಿಸೋಣ.” ಕಳೆದ ಸಲ ಆ ಮಾತು ನನಗೆ ಫೋನಿನಲ್ಲೇ ಬಂತು. ಹಾಸನದಿಂದ ಚಿಕ್ಕಮ್ಮನ ಮಗಳು. “ಅಣ್ಣಾ, ಅದ್ರಲ್ಲಿ ಏನೇನೋ ಇವೆಯಂತೆ, ಹದಿನೈದು ಹೆಸರು ಬರ್ಕೊಂಡಿದೀನಿ. ಯಾವ್ದಕ್ಕೆ ಸ್ಕೋಪ್ ಇದೆ ಹೇಳು.” ಒಂದೊಂದಾಗಿ ಓದುತ್ತ ಹೋದಳು. ಹಿಂದೆ ಕೂತ ಮಗಳು ಉಚ್ಚಾರಣೆ ತಿದ್ದುತ್ತಿದ್ದಳು. ‘ಪರ್ಫ್ಯೂಷನ್’ ಬಂದಾಗ ತಾಯಿ ಮಗಳು ಇಬ್ಬರೂ ತಡವರಿಸಿದರು.

ಆ ‘ಆದ್ರೂ’ ಎಲ್ಲಿಂದ ಬರುತ್ತದೆಂದು ಹೇಳುವುದು ಕಷ್ಟವಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಚಿಲ್ಲರೆ. ಉಳಿದ ಮಕ್ಕಳೆಲ್ಲ ಎಲ್ಲೋ ಹೋಗಲೇಬೇಕು. ಹಾಗೆ ಹೋಗುವ ದಾರಿಗಳಲ್ಲಿ ಬಿಳಿ ಕೋಟು ಉಳಿಸಿಕೊಡುವ ದಾರಿ ಇದು: ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿ, ಅರಿವಳಿಕೆ, ಕಣ್ಣಿನ ಪರೀಕ್ಷೆ, ಮಾತು ಮತ್ತು ಕಿವಿ, ಉಸಿರಾಟದ ಆರೈಕೆ, ಹೃದಯದ ಶಸ್ತ್ರಚಿಕಿತ್ಸೆ ನಡೆಯುವಾಗ ರಕ್ತವನ್ನು ಹೊರಗಿನ ಯಂತ್ರದಲ್ಲಿ ಹರಿಸುವ ಪರ್ಫ್ಯೂಷನ್. “ದೊಡ್ಡವಳಾದ ಮೇಲೆ ಪರ್ಫ್ಯೂಷನಿಸ್ಟ್ ಆಗ್ತೀನಿ” ಎಂದು ಯಾವ ಮಗುವೂ ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳಿದ್ದು ನಾನು ಕೇಳಿಲ್ಲ. ಹೀಗೆ ಸೋತು ಬಂದವರ ಕೋರ್ಸು ಎಂಬ ಹೆಸರು ಹೊತ್ತೇ ಇದು ಶುರುವಾಗುತ್ತದೆ. ಆ ಹೆಸರನ್ನು ಗಟ್ಟಿ ಮಾಡುವುದಕ್ಕೆ ನಮ್ಮ ಪತ್ರಿಕೆಗಳೂ ತಮ್ಮ ಪಾಲು ಸಲ್ಲಿಸಿವೆ. ನಾವು ಬರೆಯುವುದು ‘ಅರೆವೈದ್ಯಕೀಯ ಸಿಬ್ಬಂದಿ’ ಎಂದು. ಅರೆಬೆಂದ ಅನ್ನ, ಅರೆಮನಸ್ಸು, ಅರೆಕಾಲಿಕ ನೌಕರಿ ಅಂದ ಹಾಗೆ ಅರೆವೈದ್ಯಕೀಯ.

ಇಂಗ್ಲಿಷಿನವರೂ ಈ ವಿಷಯದಲ್ಲಿ ಸಾಚಾ ಅಲ್ಲ. ಬ್ರಿಟನ್ 1960ರಲ್ಲಿ ಇವರಿಗಾಗಿ ಕಾನೂನು ಮಾಡಿದಾಗ ಇಟ್ಟ ಹೆಸರಿನ ಅರ್ಥ ‘ವೈದ್ಯಕ್ಕೆ ಪೂರಕವಾದ ವೃತ್ತಿಗಳು’. ಅಮೆರಿಕದಲ್ಲಿ 1966ರ ಕಾನೂನೊಂದರಿಂದ ‘ಅಲೈಡ್ ಹೆಲ್ತ್’ ಎಂಬ ಮಾತು ಗಟ್ಟಿಯಾಯಿತು. ‘ಅಲೈಡ್’ ಎಂದರೆ ಜೊತೆಗೂಡಿದ. ಎರಡನೆಯ ಮಹಾಯುದ್ಧದ ವರದಿಗಳಲ್ಲಿ ಅದೇ ಪದವನ್ನು ನಾವು ‘ಮಿತ್ರ’ ಎಂದು ಅನುವಾದಿಸಿದ್ದೆವು, ಮಿತ್ರಪಡೆ, ಮಿತ್ರರಾಷ್ಟ್ರ ಎಂದು. ಆಸ್ಪತ್ರೆಗೆ ಬರುವ ಹೊತ್ತಿಗೆ ಮಿತ್ರ ಹೋಗಿ ಅರೆ ಉಳಿಯಿತು. ರೋಗಿಗಳಿಗಂತೂ ಈ ತಕರಾರೇ ಇಲ್ಲ. ಡಾಕ್ಟರಿಗೆ ಡಾಕ್ಟ್ರೇ ಅಂತಾರೆ, ನರ್ಸಿಗೆ ಸಿಸ್ಟರ್. ಉಳಿದವರಿಗೆ ಕೋಣೆಯ ಹೆಸರೇ ಹೆಸರು: ಎಕ್ಸ್‌ರೇಯವರು, ಬ್ಲಡ್ ತಗೊಳ್ಳೋರು, ಸ್ಕ್ಯಾನಿಂಗ್‌ನವರು.

ಕರ್ನಾಟಕದಲ್ಲಿ ಇದನ್ನು ಓದಲು ಬಾಗಿಲುಗಳು ಹಲವು. ದೊಡ್ಡದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದ ಅದರ ಕೆಳಗೆ ರಾಜ್ಯದ ಉದ್ದಗಲಕ್ಕೂ ಕಾಲೇಜುಗಳಿವೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಎಂಬ ಬಿಎಸ್‌ಸಿ ಪದವಿಗಳು, ಅದಕ್ಕಿಂತ ಉದ್ದನೆಯ, ಫಿಸಿಯೋಥೆರಪಿಯ ಬಿಪಿಟಿ ಪದವಿ ಅಲ್ಲಿವೆ. ಮಣಿಪಾಲ, ನಿಟ್ಟೆ, ಯೆನೆಪೋಯ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಇವೆಲ್ಲ ಡೀಮ್ಡ್ ವಿಶ್ವವಿದ್ಯಾಲಯಗಳು, ಅವುಗಳ ದಾರಿ ಬೇರೆ, ಫೀಸೂ ಬೇರೆ. ನಿಮ್ಹಾನ್ಸ್ ತನ್ನದೇ ಪದವಿ ಕೊಡುತ್ತದೆ. ಇವೆಲ್ಲದರ ಪಕ್ಕದಲ್ಲಿ ಪ್ಯಾರಾ ಮೆಡಿಕಲ್ ಬೋರ್ಡಿನ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದವರೂ ಸೇರಬಹುದು. ಒಂದೇ ಎಕ್ಸ್‌ರೇ ಕೋಣೆಯಲ್ಲಿ ಡಿಪ್ಲೊಮಾದವರು, ಬಿಎಸ್‌ಸಿಯವರು, ಎಂಎಸ್‌ಸಿ ಮುಗಿಸಿದವರು ಒಂದೇ ಗುಂಡಿ ಒತ್ತುತ್ತಿರುವುದನ್ನು ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ನೋಡಬಹುದು. ಸಂಬಳದ ಚೀಟಿಯಲ್ಲಿ ಮೂವರ ನಡುವಿನ ಅಂತರ ಎಷ್ಟು ಎಂದು ಕೇಳಿದರೆ ನಗುತ್ತಾರೆ. ಹಾಗಾದರೆ ವಿಶ್ವವಿದ್ಯಾಲಯ ಏಕೆ? ಗುಂಡಿ ಒತ್ತಲು ಕಲಿಸಲು ನಾಲ್ಕು ವರ್ಷ ಬೇಕೇ?

ಲ್ಯಾಬಿನೊಳಗೆ ಹೋದರೆ ಇದಕ್ಕೆ ಉತ್ತರ ಸಿಗುತ್ತದೆ.

ಮಳೆಗಾಲ, ಡೆಂಗಿ ಕಾಲ. ಜಿಲ್ಲಾ ಕೇಂದ್ರದ ಲ್ಯಾಬಿನ ಎದುರು ಬೆಳಗ್ಗೆ ಏಳಕ್ಕೇ ಸಾಲು. ಒಬ್ಬ ಹುಡುಗನ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಯಂತ್ರಕ್ಕೆ ಹೋಯಿತು. ಯಂತ್ರ ನಲವತ್ತು ಸಾವಿರ ಪ್ಲೇಟ್‌ಲೆಟ್ ಎಂದು ಬರೆಯಿತು. ಒಂದೂವರೆ ಲಕ್ಷದ ಮೇಲಿರಬೇಕಾದದ್ದು ನಲವತ್ತು ಸಾವಿರ ಎಂದರೆ ಆ ಕಾಲದಲ್ಲಿ ಮನೆಯವರಿಗೆ ಜೀವ ಬಾಯಿಗೆ ಬರುತ್ತದೆ. ಒಬ್ಬ ಪಪ್ಪಾಯಿ ಎಲೆ ತರಲು ಓಡುತ್ತಾನೆ, ಇನ್ನೊಬ್ಬ ಬೆಂಗಳೂರಿನ ಆಂಬುಲೆನ್ಸಿಗೆ ಫೋನು ಹಚ್ಚುತ್ತಾನೆ. ಆದರೆ ಹುಡುಗ ಎದುರಿಗೆ ಬಿಸ್ಕತ್ತು ತಿನ್ನುತ್ತ ಕೂತಿದ್ದಾನೆ, ಜ್ವರವೂ ಅಷ್ಟಕ್ಕಷ್ಟೆ. ಓದಿದ ತಂತ್ರಜ್ಞೆ ಇಲ್ಲಿ ವರದಿ ಮುದ್ರಿಸುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾಳೆ. ಪಟ್ಟಿಯ ಬಾಲದ ಕಡೆಗೆ ಸರಿಸಿದರೆ ಪ್ಲೇಟ್‌ಲೆಟ್‌ಗಳು ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ರಕ್ತ ಹೆಪ್ಪುಗಟ್ಟದಿರಲೆಂದು ಆ ಟ್ಯೂಬಿನೊಳಗೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕವೇ ಕೆಲವರ ರಕ್ತದಲ್ಲಿ ಹೀಗೆ ಗೊಂಚಲು ಕಟ್ಟಿಸುತ್ತದೆ. ಗೊಂಚಲನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸುವುದೇ ಇಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ತೆಗೆದು ಓಡಿಸಿದರೆ ಒಂದು ಲಕ್ಷದ ಎಂಬತ್ತು ಸಾವಿರ. ಹುಡುಗ ಬಿಸ್ಕತ್ತು ಮುಗಿಸಿ ಮನೆಗೆ ಹೋದ.

ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನ ಪಾಲು ರಕ್ತ ಯಂತ್ರಕ್ಕೆ ಮುಟ್ಟುವ ಮೊದಲೇ ಆಗುತ್ತದೆ ಎಂಬುದು ಆ ರಂಗದವರಿಗೆಲ್ಲ ಗೊತ್ತಿರುವ ಸಂಗತಿ. ಸಿರಿಂಜಿನಿಂದ ರಕ್ತವನ್ನು ಟ್ಯೂಬಿಗೆ ಜೋರಾಗಿ ತಳ್ಳಿದರೆ ಕೆಂಪುಕಣ ಒಡೆಯುತ್ತವೆ. ಕಣದೊಳಗಿನ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದು ಸೀರಮ್ಮಿಗೆ ಸೋರಿ, ಆರೋಗ್ಯವಂತನ ವರದಿಯಲ್ಲಿ ಹೃದಯ ನಿಲ್ಲಿಸುವಂಥ ಅಂಕಿ ಬರುತ್ತದೆ. ಯಾವ ಬಣ್ಣದ ಮುಚ್ಚಳ ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿ ನೇರಳೆ ಟ್ಯೂಬಿನ ಒಂದು ಹನಿ ಕೆಂಪು ಟ್ಯೂಬಿಗೆ ಬಿದ್ದರೂ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ. ಕ್ರಮವನ್ನು ಬಾಯಿಪಾಠ ಮಾಡಿದವನಿಗೆ ತಪ್ಪು ಅಂಕಿ ಬಂದಾಗ ಗುಮಾನಿ ಬರುವುದಿಲ್ಲ. ರಸಾಯನ ಓದಿದವನಿಗೆ ಬರುತ್ತದೆ. ಎಣಿಕೆಯ ಗಾಜಿನ ಚೌಕದಲ್ಲಿ ಒಂದೊಂದೇ ಕಣ ಎಣಿಸುವುದನ್ನು ಪ್ರಾಯೋಗಿಕ ತರಗತಿಯಲ್ಲಿ ಈಗಲೂ ಕಲಿಸುತ್ತಾರೆ. ‘ಯಂತ್ರ ಇರುವಾಗ ಇದ್ಯಾಕೆ’ ಎಂದು ಗೊಣಗುವ ಮಕ್ಕಳಿದ್ದಾರೆ, ಗೊಣಗುವ ಮೇಷ್ಟ್ರುಗಳೂ ಇದ್ದಾರೆ. ನನಗನಿಸುವುದು ಅದನ್ನು ಬಿಡಬಾರದು. ಯಂತ್ರ ಯಾವಾಗ ಸುಳ್ಳು ಹೇಳುತ್ತದೆ ಎಂದು ಗೊತ್ತಾಗಬೇಕಾದರೆ ಒಮ್ಮೆಯಾದರೂ ಯಂತ್ರದ ಕೆಲಸವನ್ನು ಕಣ್ಣಿನಲ್ಲಿ ಮಾಡಿರಬೇಕು.

ಮೊದಲ ವರ್ಷದಲ್ಲಿ ಎಲ್ಲರಿಗೂ ಬಹುತೇಕ ಒಂದೇ ಪಠ್ಯ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಕನ್ನಡ ಮಾಧ್ಯಮದಿಂದ ಬಂದವರು ಬೀಳುವುದು ಇಲ್ಲೇ, ಬುದ್ಧಿ ಸಾಲದೆ ಅಲ್ಲ, ಲ್ಯಾಟಿನ್ ಹೆಸರು ನಾಲಿಗೆಗೆ ಹತ್ತದೆ. ಎರಡನೇ ವರ್ಷದಿಂದ ದಾರಿಗಳು ಕವಲೊಡೆಯುತ್ತವೆ. ಆಗ ಪಠ್ಯಪುಸ್ತಕಕ್ಕಿಂತ ದೊಡ್ಡದಾಗುವುದು ಆಸ್ಪತ್ರೆ. ಚಿಕ್ಕಮ್ಮನ ಮಗಳು ‘ಸ್ಕೋಪ್’ ಎಂದು ಕೇಳಿದಾಗ ನಾನು ತಿರುಗಿ ಕೇಳಬೇಕಿದ್ದ ಪ್ರಶ್ನೆ ಇದು: ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಇದ್ದರೆ ಅದರಲ್ಲಿ ರೋಗಿಗಳಿದ್ದಾರೆಯೇ? ತೆರೆದ ಹೃದಯದ ಶಸ್ತ್ರಚಿಕಿತ್ಸೆ ತಿಂಗಳಿಗೆ ಎರಡೇ ನಡೆಯುವ ಕಡೆ ಪರ್ಫ್ಯೂಷನ್ ಕಲಿಯುವುದೆಂದರೆ ಬಾವಿಯಿಲ್ಲದ ಊರಲ್ಲಿ ಈಜು ಕಲಿತಂತೆ. ಕಟ್ಟಡ ಒಂದು ಕಡೆ, ಒಪ್ಪಂದ ಮಾಡಿಕೊಂಡ ನರ್ಸಿಂಗ್ ಹೋಮ್ ಇನ್ನೊಂದು ಕಡೆ, ನಡುವೆ ಮಕ್ಕಳನ್ನು ತುಂಬಿಕೊಂಡು ಓಡಾಡುವ ಹಳದಿ ಬಸ್ಸು. ಅಂಥ ಕಾಲೇಜುಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಮೂರು ವರ್ಷ ಗೋಡೆಗೆ ಒರಗಿ ನಿಂತು ನೋಡಿದವರು ಇಂಟರ್ನ್‌ಶಿಪ್‌ನಲ್ಲಿ ಮೊದಲ ಬಾರಿಗೆ ಸೂಜಿ ಹಿಡಿಯುತ್ತಾರೆ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಹೌಸ್‌ಫುಲ್ ಆಸ್ಪತ್ರೆ, ಸಿಬ್ಬಂದಿ ಕಡಿಮೆ. ಅಲ್ಲಿ ಇಂಟರ್ನ್‌ಗಳೇ ಆಸ್ಪತ್ರೆ ನಡೆಸುವವರು. ರಾತ್ರಿ ಪಾಳಿಯಲ್ಲಿ ಎಕ್ಸ್‌ರೇ ಕೋಣೆಗೆ ಒಬ್ಬನೇ ಹುಡುಗ, ಕಲಿಸುವವರು ಯಾರೂ ಇಲ್ಲ, ಬಹಳ ಕಡೆ ಸ್ಟೈಪೆಂಡೂ ಇಲ್ಲ. ಕೈ ಪಳಗುತ್ತದೆ ನಿಜ, ತಪ್ಪೂ ಪಳಗುತ್ತದೆ. ವಿಕಿರಣದ ಕೋಣೆಯಲ್ಲಿ ಹದಿನೆಂಟು ದಾಟದವರು ಕೆಲಸ ಮಾಡುವಂತಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ನೌಕರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಕಲಿಯುವವರಿಗೆ ಬರೀ 6. ಆ ಲೆಕ್ಕ ಇಡುವುದು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜು. ವಿದ್ಯಾರ್ಥಿಗೆ ಅವನ ಹೆಸರಿನ ಬ್ಯಾಡ್ಜು ಸಿಕ್ಕಿದೆಯೇ ಎಂದು ಮನೆಯವರು ಕೇಳಲಿ. ಕಾಲೇಜಿನ ಗುಣ ಅಳೆಯಲು ಇದಕ್ಕಿಂತ ಅಗ್ಗದ ಅಳತೆಗೋಲು ನನಗೆ ತಿಳಿಯದು.

ಇದೆಲ್ಲ ಹೀಗೆ ಬಿಟ್ಟ ಹೊಲದಂತೆ ಇದ್ದದ್ದಕ್ಕೆ ಕಾರಣ, ಬಹಳ ವರ್ಷ ಇವರಿಗೆ ಯಜಮಾನರೇ ಇರಲಿಲ್ಲ. ವೈದ್ಯರಿಗೆ, ದಂತವೈದ್ಯರಿಗೆ, ನರ್ಸುಗಳಿಗೆ, ಔಷಧಿ ಕೊಡುವವರಿಗೆ ಒಂದೊಂದು ಕೌನ್ಸಿಲ್ ಇತ್ತು. ಎಕ್ಸ್‌ರೇಯವರಿಗೆ ಇಲ್ಲ. 2007ರಲ್ಲಿ ಸಂಸತ್ತಿಗೆ ಒಂದು ಮಸೂದೆ ಬಂದು ಅಲ್ಲೇ ಬಿತ್ತು. 2012ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ಸಿದ್ಧವಾದ ವರದಿಯೊಂದು ದೇಶದಲ್ಲಿ ಇಂಥವರ ಕೊರತೆ ಸುಮಾರು 64 ಲಕ್ಷ ಎಂದು ಅಂದಾಜಿಸಿತು. 2018ರ ಕೊನೆಯ ದಿನ ರಾಜ್ಯಸಭೆಯಲ್ಲಿ ಇನ್ನೊಂದು ಮಸೂದೆ ಮಂಡನೆಯಾಯಿತು. ಅಷ್ಟರಲ್ಲಿ ಕೋವಿಡ್ ಬಂತು. ಸರ್ಕಾರ ವೆಂಟಿಲೇಟರ್ ಕೊಂಡು ಜಿಲ್ಲೆ ಜಿಲ್ಲೆಗೆ ಕಳಿಸಿತು, ಎಷ್ಟೋ ಕಡೆ ಅವು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಮೂಲೆಯಲ್ಲಿ ನಿಂತವು, ನಡೆಸಲು ಬಲ್ಲ ಕೈ ಇರಲಿಲ್ಲ. ಯಂತ್ರ ಕೊಂಡಷ್ಟು ಸುಲಭವಾಗಿ ಮನುಷ್ಯರನ್ನು ಕೊಳ್ಳಲಾಗದು ಎಂದು ದೇಶಕ್ಕೆ ತಿಳಿದದ್ದು ಆಗ. 2021ರ ಮಾರ್ಚ್‌ನಲ್ಲಿ ಕೊನೆಗೂ ಇವರಿಗೊಂದು ರಾಷ್ಟ್ರೀಯ ಆಯೋಗ ಕಟ್ಟುವ ಕಾನೂನು ಆಯಿತು.

ಕಾನೂನು ವೃತ್ತಿಗಳನ್ನು ಹತ್ತು ವರ್ಗ ಮಾಡಿತು, ಅವುಗಳೊಳಗೆ ಐವತ್ತಕ್ಕೂ ಹೆಚ್ಚು ಹೆಸರು. ಎರಡು ಮೆಟ್ಟಿಲನ್ನೂ ಕಟ್ಟಿತು: ಕನಿಷ್ಠ 2,000 ಗಂಟೆ ಓದಿದವರು ಒಂದು, 3,600 ಗಂಟೆ ಓದಿದವರು ಇನ್ನೊಂದು. ಆ ಮೇಲೆ? ಮೇಲೇನೂ ಇಲ್ಲ. ರಾಜ್ಯಗಳು ತಮ್ಮ ಕೌನ್ಸಿಲ್ ರಚಿಸದೆ ಕೂತವು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟು ಚುರುಕು ಮುಟ್ಟಿಸಬೇಕಾಯಿತು. 2025ರಲ್ಲಿ ಮಾದರಿ ಪಠ್ಯಕ್ರಮಗಳು ಹೊರಬಂದವು. ಅದೇ ವರ್ಷ ಯುಜಿಸಿ, ಈ ಕಾನೂನಿನ ಕೆಳಗೆ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕಲಿಸಕೂಡದು ಎಂದಿತು. ಮನಃಶಾಸ್ತ್ರ, ಆಹಾರ ಮತ್ತು ಪೋಷಣೆ ಕೂಡ ಆ ಪಟ್ಟಿಯಲ್ಲಿದ್ದುದರಿಂದ ಕೆಲಸ ಮಾಡುತ್ತಲೇ ಓದುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತು. ನಾನು ಆ ನಿರ್ಧಾರದ ಪರ. ಅಂಚೆಯಲ್ಲಿ ಡಯಾಲಿಸಿಸ್ ಕಲಿತವರ ಕೈಗೆ ನಾನು ನನ್ನ ಕೈ ಕೊಡಲಾರೆ. ಆದರೆ ಸಂಜೆ ಕಾಲೇಜೊಂದನ್ನು ತೆರೆಯದೆ ಬಾಗಿಲು ಮಾತ್ರ ಮುಚ್ಚುವುದು ಅರ್ಧ ಕೆಲಸ.

ಕಾನೂನು ತೀರಿಸಲಾಗದ ಜಗಳ ಸಹಿಯದು, ಬಿರುದಿನದು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರ ಸಹಿಯೇ ಬೇಕೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಸರಿಯಾದದ್ದೇ. ಆದರೆ ಗೊಂಚಲು ಕಂಡವಳ ಹೆಸರು ವರದಿಯ ಯಾವ ಮೂಲೆಯಲ್ಲೂ ಇಲ್ಲ, ವಾರಕ್ಕೊಮ್ಮೆ ಬಂದು ಕಂತೆಗೆ ಸಹಿ ಹಾಕುವವರ ಹೆಸರು ದಪ್ಪಕ್ಷರದಲ್ಲಿದೆ ಎನ್ನುವಂಥ ಲ್ಯಾಬುಗಳು ನಮ್ಮ ಪೇಟೆಗಳಲ್ಲಿ ಇಲ್ಲವೇ? ಬಿರುದಿನ ಜಗಳ ಇದಕ್ಕಿಂತ ತಮಾಷೆಯದು. 2025ರ ಏಪ್ರಿಲ್‌ನ ಫಿಸಿಯೋಥೆರಪಿ ಪಠ್ಯಕ್ರಮ, ಹೆಸರಿನ ಮುಂದೆ ‘ಡಾ.’ ಎಂದೂ ಹಿಂದೆ ‘ಪಿಟಿ’ ಎಂದೂ ಹಾಕಿಕೊಳ್ಳಬಹುದು ಎಂದಿತು. ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ‘ಕೂಡದು’ ಎಂದು ಪತ್ರ ಬರೆಯಿತು. ಮರುದಿನವೇ ಆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿತು. ಎರಡಕ್ಷರಕ್ಕೆ ಇಷ್ಟು ಗುದ್ದಾಟವೇ ಎಂದು ನಗುವವರಿಗೆ ಒಂದು ಮಾತು: ಹಿಂದೆ ‘ಅರೆ’ ಅಂಟಿಸಿದ್ದರಿಂದಲೇ ಇವರು ಮುಂದೆ ‘ಡಾ.’ ಹುಡುಕುವುದು. ಬ್ರಿಟನ್ನಿನಲ್ಲಿ ಇಂಥ 15 ವೃತ್ತಿಗಳಿಗೆ ಒಂದೇ ನೋಂದಣಿ ಮಂಡಳಿ ಇದೆ. ನೋಂದಣಿ ಇಲ್ಲದವನು ತನ್ನನ್ನು ಫಿಸಿಯೋಥೆರಪಿಸ್ಟ್ ಎಂದೋ ರೇಡಿಯೋಗ್ರಾಫರ್ ಎಂದೋ ಕರೆದುಕೊಂಡರೆ ಅಪರಾಧ. ಅಲ್ಲಿ ಆ ಹೆಸರಿಗೇ ಬೆಲೆ ಬಂದುಬಿಟ್ಟಿದೆ.

ಈಗ ಭಾಷೆಯ ಮಾತು. ಕನ್ನಡದಲ್ಲಿ ಬರೆಯುವವನಿಗೆ ಇದು ಹತ್ತಿರದ್ದು, ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ. ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ರೋಗಿ ಮಾತ್ರ ಕನ್ನಡದಲ್ಲಿ. ಫಿಸಿಯೋಥೆರಪಿ ಕೋಣೆಗೆ ಬಂದ ಅಜ್ಜಿ “ಕಾಲು ಕಡೀತಾವ” ಅಂದರೆ ಒಂದು, “ಜಗ್ಗಿದಂಗ ಆಗ್ತದ” ಅಂದರೆ ಇನ್ನೊಂದು. “ಜೋಮು ಹಿಡಿದದೆ”, “ಜುಮ್ ಅಂತದೆ” ಎಂದರೆ ನರದ ಕಡೆ ನೋಡಬೇಕು. “ಹಿಡ್ಕೊಂಡ್ಬಿಟ್ಟಿದೆ” ಎಂದರೆ ಸ್ನಾಯು. ಒಂದೊಂದು ಕ್ರಿಯಾಪದವೂ ಒಂದೊಂದು ರೋಗಲಕ್ಷಣ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು ವಾರ್ಡಿನಲ್ಲಿ ಇದನ್ನು ಕಲಿತು ಬೇಗ ಪಳಗುತ್ತಾರೆ. ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕೆಲವೊಮ್ಮೆ ಅಜ್ಜಿಯ ಕ್ರಿಯಾಪದ ತಿಳಿಯುವುದಿಲ್ಲ, ಎಲ್ಲದಕ್ಕೂ ‘ಪೇನ್’ ಎಂದು ಬರೆದುಕೊಳ್ಳುತ್ತಾರೆ. ಮಂಡಿ ಎಷ್ಟು ಮಡಚಿದರೆ ಸಾಕು ಎಂಬುದಕ್ಕೂ ಹೊರದೇಶದ ಪುಸ್ತಕದ ಗುರಿ ಕುರ್ಚಿ, ಮೆಟ್ಟಿಲು, ಕಾರು. ಅಜ್ಜಿಯ ಗುರಿ ಕುಕ್ಕುರುಗಾಲು. ಕುರ್ಚಿಗೆ ತೊಂಬತ್ತು ಡಿಗ್ರಿ ಮಡಚಿದರೆ ಹೆಚ್ಚುಕಡಿಮೆ ಸಾಕು, ಕುಕ್ಕರಿಸಲು ನೂರಿಪ್ಪತ್ತನ್ನೂ ದಾಟಬೇಕು. “ಚೆನ್ನಾಗಿ ನಡೀತಿದೀರಲ್ಲ ಅಜ್ಜಿ” ಎಂದು ಬಿಡುಗಡೆ ಮಾಡಿದವರಿಗೆ, ಅಜ್ಜಿ ಒಲೆ ಮುಂದೆ ಕೂರಲಾರದೆ, ಹಿತ್ತಲಿಗೆ ಹೋಗಲಾರದೆ ಅತ್ತದ್ದು ಗೊತ್ತಾಗುವುದಿಲ್ಲ.

ಭಾಷೆ ಮತ್ತು ದೇಹ ಎರಡನ್ನೂ ಒಟ್ಟಿಗೆ ಓದಿದ ಒಂದು ಜಾಗ ನಮ್ಮಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವೆ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ‘ಆಯಿಷ್’. ಅದರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಅಲ್ಲಿಂದ ಹೊರಬಂದವರು ನೋಂದಾಯಿಸಿಕೊಳ್ಳುವುದು 1992ರ ಕಾನೂನಿನಿಂದ ಬಂದ ಪುನರ್ವಸತಿ ಮಂಡಳಿಯಲ್ಲಿ, ಹಾಗಾಗಿ ಯಜಮಾನರಿಲ್ಲದ ಕಾಟ ಇವರಿಗೆ ಉಳಿದವರಷ್ಟು ತಟ್ಟಲಿಲ್ಲ. ಅಲ್ಲಿ ಪಾಠ ಮಾಡಿ ನಿರ್ದೇಶಕರೂ ಆಗಿದ್ದ ನ. ರತ್ನ ಕನ್ನಡದ ಅಸಂಗತ ನಾಟಕಕಾರರೂ ಹೌದು, ಮೈಸೂರಿನ ಸಮತೆಂತೋ ರಂಗತಂಡದ ಹಿಂದಿದ್ದವರು. ಮಾತು ತಡೆದು ನಿಲ್ಲುವುದನ್ನು ಹಗಲು ಚಿಕಿತ್ಸಾಲಯದಲ್ಲಿ, ಸಂಜೆ ರಂಗದ ಮೇಲೆ ಕಂಡವರು ಎನಿಸಿ ನನಗೆ ಇದು ಯಾವತ್ತೂ ಇಷ್ಟದ ಸಂಗತಿ. 1970ರ ದಶಕದ ಆರಂಭದಲ್ಲೇ ಕನ್ನಡಕ್ಕೆಂದು ಉಚ್ಚಾರಣೆಯ ಪರೀಕ್ಷೆಯೊಂದನ್ನು ರೂಪಿಸಿದವರಲ್ಲಿ ಅವರೂ ಒಬ್ಬರು.

ಅಂಥ ಪರೀಕ್ಷೆ ಏಕೆ ಬೇಕು? ಮಂಡ್ಯದ ಕಡೆಯ ಮಗುವೊಂದು “ಆಲು ಕುಡ್ದೆ” ಅನ್ನುತ್ತದೆ. ಪುಸ್ತಕ ನೋಡಿ ಕಲಿತ ಚಿಕಿತ್ಸಕಿ ‘ಹ’ಕಾರ ಬರುವುದಿಲ್ಲವೆಂದು ಬರೆದುಕೊಂಡರೆ ಮಗುವಿನ ಅಪ್ಪ, ಅಜ್ಜ, ಅರ್ಧ ಜಿಲ್ಲೆಯನ್ನೇ ರೋಗಿಗಳ ಪಟ್ಟಿಗೆ ಸೇರಿಸಬೇಕಾಗುತ್ತದೆ. ಅದು ದೋಷವಲ್ಲ, ಊರಿನ ನುಡಿ. ಅದೇ ಮಗು ‘ಕಾಡು’ ಎಂಬಲ್ಲಿ ‘ತಾಡು’ ಅಂದರೆ, ವಯಸ್ಸು ಐದು ದಾಟಿದ್ದರೆ, ಅದಕ್ಕೆ ಕೆಲಸ ಇದೆ. ಉಗ್ಗುವುದು ಬೇರೆ, ತೊದಲುವುದು ಬೇರೆ ಎಂದು ಕನ್ನಡ ಎಂದೋ ಬೇರ್ಪಡಿಸಿಟ್ಟಿದೆ. ಕಿವಿ ಪರೀಕ್ಷೆಯಲ್ಲೂ ಹಾಗೆಯೇ. ಇಂಗ್ಲಿಷ್ ಪದಗಳ ಪಟ್ಟಿ ಓದಿ ಕನ್ನಡದ ಕಿವಿಯನ್ನು ಅಳೆದರೆ, ಕೇಳಿಸಲಿಲ್ಲವೋ ತಿಳಿಯಲಿಲ್ಲವೋ ಹೇಗೆ ಗೊತ್ತಾಗಬೇಕು? ವಿಶ್ವವಿದ್ಯಾಲಯಕ್ಕೆ ಈ ವಿಷಯಗಳಲ್ಲಿ ಸಂಶೋಧನೆಗೆ ಏನಿದೆ ಎಂದು ಕೇಳುವವರು ಕನ್ನಡಕ್ಕೆಂದೇ ಮಾಡಿದ ಪದಪಟ್ಟಿಗಳನ್ನು ಒಮ್ಮೆ ನೋಡಬೇಕು.

ಕೆಲಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವುದೇ. ಕೆಲಸ ಸಿಗುತ್ತದೆ, ಸಂಬಳ ಸಿಗುವುದಿಲ್ಲ. ನಾಲ್ಕು ವರ್ಷ ಓದಿದವರಿಗೆ ಖಾಸಗಿ ಆಸ್ಪತ್ರೆಯ ಮೊದಲ ಸಂಬಳ ಹೇಳಲು ನಾಚಿಕೆಯಾಗುವಷ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಖಾಯಂ ಹುದ್ದೆ ಅಪರೂಪ, ಹೆಚ್ಚಿನದು ಹೊರಗುತ್ತಿಗೆ. ಹಾಗಾಗಿ ಮಂಗಳೂರು, ಉಡುಪಿ ಕಡೆಯ ಮಕ್ಕಳ ಕಣ್ಣು ಓದುವಾಗಲೇ ಗಲ್ಫಿನ ಮೇಲೆ. ಅಲ್ಲಿಗೆ ಹೋಗಲು ಕೆಲವು ವರ್ಷದ ಅನುಭವ ಬೇಕು, ಅಂಕಪಟ್ಟಿಗಳ ಪರಿಶೀಲನೆ ಆಗಬೇಕು, ಕಂಪ್ಯೂಟರಿನಲ್ಲಿ ಪರೀಕ್ಷೆ ಪಾಸಾಗಬೇಕು. ಹಾಗಾಗಿ ನಮ್ಮ ಊರಿನ ಆಸ್ಪತ್ರೆಗೆ ಸಿಗುವುದು ಆ ಅನುಭವದ ಎರಡು ವರ್ಷ ಮಾತ್ರ. ಕೈ ಪಳಗುವ ಹೊತ್ತಿಗೆ ಟಿಕೆಟ್ ಬಂದಿರುತ್ತದೆ. ಅವರನ್ನು ದೂರಲಾರೆ.

ಆದರೂ ಉಳಿದವರಿದ್ದಾರೆ. 2016ರಲ್ಲಿ ಕೇಂದ್ರದ ಬಜೆಟ್ಟು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ ಮೇಲೆ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂತು. ನಮ್ಮಲ್ಲಿ ಅದು ತಾಲ್ಲೂಕು ಆಸ್ಪತ್ರೆಗಳವರೆಗೂ ಇಳಿದಿದೆ. ಸೋದರಮಾವನನ್ನು ಕರೆದುಕೊಂಡು ನಾನು ಎಂಟು ತಿಂಗಳು ಅಂಥ ಒಂದು ಘಟಕಕ್ಕೆ ವಾರಕ್ಕೆರಡು ಸಲ ಹೋಗಿದ್ದೇನೆ. ಐದು ಹಾಸಿಗೆ, ಐದು ಯಂತ್ರ, ಪಕ್ಕದ ಕೋಣೆಯಲ್ಲಿ ಗುಂಯ್‌ಗುಡುವ ಆರ್‌ಒ ಘಟಕ. ಕಿಡ್ನಿ ತಜ್ಞರು ಬರುವುದು ವಾರಕ್ಕೊಂದು ದಿನ. ಉಳಿದ ದಿನ ನಡೆಸುವವಳು ಗದಗದ ಕಡೆಯ ಒಬ್ಬ ಹುಡುಗಿ, ಬಿಎಸ್‌ಸಿ ರೀನಲ್ ಡಯಾಲಿಸಿಸ್. ಹೊರಗುತ್ತಿಗೆ. ಆ ಎಂಟು ತಿಂಗಳಲ್ಲಿ ಮೂರು ತಿಂಗಳ ಸಂಬಳ ತಡವಾಗಿ ಬಂದದ್ದು ನನಗೆ ಗೊತ್ತಾದದ್ದೂ ಅವಳಿಂದಲ್ಲ, ಆಯಾಳಿಂದ.

ಬೆಳಗ್ಗೆ ಅವಳ ಮೊದಲ ಕೆಲಸ ನೀರು. ಯಂತ್ರದೊಳಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ ಒಬ್ಬ ರೋಗಿಗೆ 120 ಲೀಟರ್. ನಾವು ಕುಡಿಯುವ ನೀರು ಹೊಟ್ಟೆಗೆ ಹೋಗುತ್ತದೆ, ಇದು ತೆಳ್ಳನೆಯ ಪೊರೆಯೊಂದರ ಆಚೆ ನೇರ ರಕ್ತವನ್ನೇ ಮುಟ್ಟಿಕೊಂಡು ಹರಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ ಉಳಿದಿದ್ದರೆ ಕೆಂಪುಕಣ ಒಡೆದು ಹೋಗುತ್ತವೆ. ಸಣ್ಣ ಗಾಜಿನ ನಳಿಕೆಯಲ್ಲಿ ಬಣ್ಣ ನೋಡಿ, ಪುಸ್ತಕದಲ್ಲಿ ಬರೆದು, ಆಮೇಲೆ ತೂಕ. ಹಬ್ಬದ ಮರುದಿನ ತೂಕದ ಯಂತ್ರದ ಮುಂದೆ ಎಲ್ಲರೂ ಕಳ್ಳರಂತೆ ನಿಲ್ಲುತ್ತಿದ್ದರು. “ಮಾವಾರೆ, ಹೋಳಿಗಿ ಕೂಡ ಉಪ್ಪಿನಕಾಯಿ ಹೊಡದ್ರಿ ಹೌದಲ್ರಿ? ಮೂರೂವರಿ ಕಿಲೋ ಜಾಸ್ತಿ ಐತಿ. ಇಷ್ಟೂ ಒಮ್ಮೆಲೇ ತಗದ್ರ ಬಿಪಿ ಬೀಳ್ತದ್ರಿ.” ಮಾವ ಸೂರು ನೋಡುತ್ತಿದ್ದರು. ಮೂರನೇ ಗಂಟೆಗೆ ಕಾಲಿನ ಮೀನಖಂಡ ಹಿಡಿದುಕೊಂಡಾಗ ಅವಳು ಓಡಿ ಬಂದು ಯಂತ್ರದ ಎಳೆತ ತಗ್ಗಿಸಿ, ಸಲೈನ್ ಬಿಟ್ಟು, ಹಾಸಿಗೆಯ ಕಾಲಿನ ಕಡೆ ಎತ್ತುವುದು ಎಲ್ಲ ಒಂದೇ ನಿಮಿಷದಲ್ಲಿ.

ಒಂದು ಸೋಮವಾರ ಅವಳ ಜೊತೆ ಹೊಸದಾಗಿ ಒಬ್ಬ ಇಂಟರ್ನ್ ಇದ್ದ. ಟ್ರೇಯಿಂದ ನೇರ ಸೂಜಿಗೆ ಕೈ ಹಾಕಿದ. ಅವಳು ತಡೆದಳು. “ಮೊದಲ ಸೂಜಿ ಮುಟ್ಟಬ್ಯಾಡ, ಕೈ ಮುಟ್ಟು.” ಮಾವನ ಎಡ ಮುಂಗೈಯಲ್ಲಿ ಅಪಧಮನಿಯನ್ನು ಸಿರೆಗೆ ಹೊಲಿದು ಮಾಡಿದ ಫಿಸ್ಟುಲಾ, ಹಗ್ಗದ ಹಾಗೆ ಉಬ್ಬಿತ್ತು. ಹುಡುಗ ಮೂರು ಬೆರಳಿಟ್ಟ.

“ಏನನ್ನಿಸ್ತದ?”

“ಜುಂಯ್ ಅಂತದೆ ಮೇಡಂ. ಬೆಕ್ಕು ಗುರುಗುಟ್ಟಿದ ಹಾಗೆ.”

“ಇನ್ನೂ ಮ್ಯಾಲೆ ಬಾ. ಮೊಣಕೈ ಕಡೆ.”

ಬೆರಳು ಸರಿಸಿದ. ಅವಳೂ ತನ್ನ ಬೆರಳಿಟ್ಟಳು. ಮಾತು ನಿಂತಿತು. ಮತ್ತೆ ಕೆಳಗಿಟ್ಟಳು, ಮತ್ತೆ ಮೇಲೆ. ಸ್ಟೆತಸ್ಕೋಪ್ ಹಚ್ಚಿ ಕೇಳಿದಳು. ಶುಕ್ರವಾರದ ಹಾಗೆ ಇಲ್ಲ, ಒಂದು ಕಡೆ ಗುರುಗುಟ್ಟುವುದು ಬಡಿತಕ್ಕೆ ತಿರುಗಿದೆ, ಎಲ್ಲೋ ಕಿರಿದಾಗುತ್ತಿದೆ ಎಂದು ನನಗೆ ಆಮೇಲೆ ಹೇಳಿದಳು. ತಡ ಮಾಡಿದರೆ ಫಿಸ್ಟುಲಾ ಮುಚ್ಚಿಹೋಗಿ ಎಲ್ಲ ಮತ್ತೆ ಮೊದಲಿಂದ. ಇಂದಿನ ಸೂಜಿ ಕೆಳಗೆ ಹಾಕಿಸಿ, ಯಂತ್ರ ಶುರು ಮಾಡಿಸಿ, ಕೈ ತೊಳೆದು, ಜಿಲ್ಲಾ ಆಸ್ಪತ್ರೆಗೆ ಫೋನು ಹಚ್ಚಿದಳು. ಆ ತುದಿಯಲ್ಲಿ ಯಾರು ಮಾತಾಡುತ್ತಿರುವುದು ಎಂದು ಕೇಳಿರಬೇಕು. ಅವಳು ಹೆಸರು ಹೇಳಲಿಲ್ಲ.

“ಡಯಾಲಿಸಿಸ್‌ನಿಂದ್ರಿ ಸರ್” ಅಂದಳು.